ನೋಡ್ಕಂಡ್ ನಡಿಯಪ್ಪ

ಒಂದೂವರೆ ವರ್ಷ ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುತ್ತಿದ್ದ ಮಾತು ಇದು. ನೋಡ್ಕಂಡ್ ಉಣ್ಣು. ನೋಡ್ಕಂಡ್ ಇಳಿ. ನೋಡ್ಕಂಡ್ ನಡಿಯಪ್ಪ. ಅವ್ವ ಒಂದು ರಾಗದಲ್ಲಿ ಹೇಳುತ್ತಿದ್ದಳು, ನಾನು ಇನ್ನೊಂದು ರಾಗದಲ್ಲಿ. ನನ್ನ ರಾಗದಲ್ಲಿ ಸಿಟ್ಟು ಸ್ವಲ್ಪ ಜಾಸ್ತಿ.

‘ನೋಡಿಕೊಂಡು’ ಅನ್ನೋದು ನಮ್ಮ ಬಾಯಲ್ಲಿ ಎಷ್ಟು ಸವೆದಿದೆ ಅಂದರೆ ಅದರಲ್ಲಿ ಈಗ ಕಣ್ಣೇ ಉಳಿದಿಲ್ಲ. ಹುಷಾರು ಅಂತ ಅರ್ಥ, ಅಷ್ಟೇ. ಫೋನ್ ಇಡುವಾಗಲೂ ನೋಡ್ಕೊಂಡು ಹೋಗು ಅಂತೀವಿ. ಅಪ್ಪನಿಗೆ ಹೇಳುವಾಗ ನಾವು ಹೇಳುತ್ತಿದ್ದದ್ದೂ ಅದೇ. ನಿಂಗೆ ಗಮನ ಇಲ್ಲ, ಅಸಡ್ಡೆ, ವಯಸ್ಸಾಯ್ತು, ಮಾತು ಕೇಳಲ್ಲ. ಕಣ್ಣಿನ ವಿಷಯ ನಮ್ಮ ತಲೆಯಲ್ಲಿ ಇರಲೇ ಇಲ್ಲ.

ಅಪ್ಪ ಮಂಡ್ಯದ ಹತ್ತಿರ ನಮ್ಮೂರಿನ ಬಯಲಿಗೆ ನೀರುಗಂಟಿಯಾಗಿದ್ದವನು. ವಿಶ್ವೇಶ್ವರಯ್ಯ ನಾಲೆಯಿಂದ ಕವಲೊಡೆದು ಬರುವ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಅನ್ನೋದು ಅವನ ಲೆಕ್ಕ. ರಾತ್ರಿ ಎರಡು ಗಂಟೆಗೆ ಟಾರ್ಚ್ ಇಲ್ಲದೆ ಬದುವಿನ ಮೇಲೆ ನಡೆದು ಹೋಗಿ ತೂಬು ಎತ್ತಿ ಬರುತ್ತಿದ್ದ. ಅಂಥವನು ಮನೆಯ ಮುಂದಿನ ಎರಡು ಮೆಟ್ಟಿಲು ಇಳಿಯುವಾಗ ಮೂರನೆಯದು ಇದೆ ಅಂತ ಕಾಲಿಡುತ್ತಿದ್ದ. ಇಲ್ಲಾ, ಎರಡನೆಯದು ಇಲ್ಲ ಅಂತ.

ಊಟದಲ್ಲಿ ಇನ್ನೂ ವಿಚಿತ್ರ. ಮುದ್ದೆ ಮುರಿಯೋದು, ಉಂಡೆ ಮಾಡೋದು ಎಲ್ಲ ಸರಿಯಾಗೇ ನಡೆಯುತ್ತಿತ್ತು. ಅದು ಕೈಗೆ ಗೊತ್ತಿರೋ ಕೆಲಸ, ಕಣ್ಣು ಬೇಕಿಲ್ಲ. ಆದರೆ ಅದನ್ನ ಬಸ್ಸಾರಿಗೆ ಅದ್ದುವಾಗ ಕೈ ತಟ್ಟೆಯ ಅಂಚಿಗೆ ಹೋಗುತ್ತಿತ್ತು. ಅಂಗಿಯ ಎದೆ ಮೇಲೆ ಸಾರಿನ ಕಲೆ. ಅವ್ವ ದಿನಾ ಅದನ್ನ ಉಜ್ಜುತ್ತಾ ಗೊಣಗುತ್ತಿದ್ದಳು. ಊಟ ಮಾಡುವಾಗ ಅಪ್ಪ ನೆಟ್ಟಗೆ ಗೋಡೆ ನೋಡುತ್ತಿದ್ದ, ಯಾರ ಮೇಲೋ ಮುನಿಸಿಕೊಂಡವರ ಹಾಗೆ. ಆಮೇಲೆ ಬೀಳೋಕೆ ಶುರುವಾಯಿತು. ಮುಗ್ಗರಿಸಿ ಮುಂದಕ್ಕಲ್ಲ, ನಿಂತಲ್ಲೇ ಹಿಂದಕ್ಕೆ. ಮರ ಉರುಳಿದ ಹಾಗೆ.

ಕಣ್ಣಿನ ಆಸ್ಪತ್ರೆಯೊಂದರಲ್ಲಿ ಪೊರೆ ಇದೆ ಅಂತ ಒಂದು ಕಣ್ಣಿಗೆ ಆಪರೇಷನ್ ಮಾಡಿದರು. ಪೊರೆ ಇದ್ದದ್ದು ನಿಜ. ಆಮೇಲೆ ಬೈಫೋಕಲ್ ಕನ್ನಡಕ ಕೊಟ್ಟರು. ಸಾಲದು ಅಂತ ಇನ್ನೊಂದು ಅಂಗಡಿಯಲ್ಲಿ ಇನ್ನೂ ದುಬಾರಿಯ ಇನ್ನೊಂದು. ಬೈಫೋಕಲ್‌ನಲ್ಲಿ ಹತ್ತಿರದ್ದನ್ನು ನೋಡೋ ಗಾಜು ಇರೋದು ಕೆಳಗಡೆ, ಅರ್ಧಚಂದ್ರದ ಥರ. ಕಣ್ಣು ಕೆಳಗಿಳಿಸಿದರೆ ಮಾತ್ರ ಅದು ಉಪಯೋಗ. ಕಣ್ಣೇ ಕೆಳಗಿಳಿಯದ ಮನುಷ್ಯನಿಗೆ ನಾವು ದುಡ್ಡು ಕೊಟ್ಟು ಅದನ್ನ ತಂದುಕೊಟ್ಟಿದ್ದೆವು. ಇದನ್ನ ನೆನೆದಾಗ ನನಗೆ ಈಗಲೂ ನಗುವೂ ಬರುತ್ತೆ, ಬೇರೆ ಏನೋ ಕೂಡ. ಇನ್ನೊಬ್ಬ ಡಾಕ್ಟರ್ ಪಾರ್ಕಿನ್ಸನ್ ಅಂದರು. ಮಾತ್ರೆ ನುಂಗಿದ್ದಾಯಿತು. ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ.

ಕೊನೆಗೆ ಮೈಸೂರಿನಲ್ಲಿ ಒಬ್ಬ ನರರೋಗ ತಜ್ಞೆಯ ಹತ್ತಿರ ಹೋದೆವು. ಚಿಕ್ಕ ವಯಸ್ಸಿನವರು. ಸ್ಕ್ಯಾನ್ ಕವರ್ ಚಾಚಿದರೆ ಪಕ್ಕಕ್ಕಿಟ್ಟು ಅಪ್ಪನ ಮುಂದೆ ಸ್ಟೂಲ್ ಎಳೆದುಕೊಂಡು ಕೂತರು. ಒಂದು ಬೆರಳು ಮೇಲೆ, ಒಂದು ಬೆರಳು ಕೆಳಗೆ. ಇದನ್ನ ನೋಡಿ, ಈಗ ಇದನ್ನ ನೋಡಿ. ಎಡಕ್ಕೆ ಬಲಕ್ಕೆ ಅಪ್ಪನ ಕಣ್ಣು ಪರವಾಗಿಲ್ಲ ಅನ್ನೋ ಹಾಗೆ ಹೋಯಿತು. ಕೆಳಗೆ ಅಂದಾಗ ಕಣ್ಣು ತೆವಳಿತು. ಅರ್ಧದಲ್ಲೇ ನಿಂತಿತು. ಆಮೇಲೆ ಡ್ರಾಯರಿನಿಂದ ದರ್ಜಿಯ ಟೇಪ್ ತೆಗೆದರು. ಅದರ ಗೆರೆಗಳು ಅಪ್ಪನ ಕಣ್ಣ ಮುಂದೆ ಕೆಳಗಿನಿಂದ ಮೇಲಕ್ಕೆ ಸಾಗುವ ಹಾಗೆ ನಿಧಾನವಾಗಿ ಎಳೆದರು. ಕಣ್ಣು ಸ್ವಲ್ಪ ದೂರ ಗೆರೆಯ ಹಿಂದೆ ಹೋಗಿ ಅಲ್ಲೇ ನಿಂತುಬಿಟ್ಟಿತು. “ಇಲ್ಲಿ ಕಣ್ಣು ತಟಕ್ ಅಂತ ಕೆಳಕ್ಕೆ ವಾಪಸ್ ಬರಬೇಕಿತ್ತು, ಬರ್ತಿಲ್ಲ” ಅಂದರು.

ಮೂರನೆಯ ಪರೀಕ್ಷೆ ನನ್ನನ್ನು ಹಿಡಿದು ನಿಲ್ಲಿಸಿದ್ದು. “ಅಜ್ಜ, ನನ್ನ ಮೂಗನ್ನೇ ನೋಡ್ತಾ ಇರಿ” ಅಂತ ಹೇಳಿ ಅಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೆ ವಾಲಿಸಿದರು. ಅಪ್ಪನ ಕಣ್ಣು ಸರಾಗವಾಗಿ ಕೆಳಗಿಳಿಯಿತು! ತಾನಾಗಿ ಇಳಿಸು ಅಂದರೆ ಇಳಿಯದ ಅದೇ ಕಣ್ಣು. ಗೊಂಬೆಯ ತಲೆ ವಾಲಿಸಿದರೆ ಅದರ ಕಣ್ಣು ಉರುಳುತ್ತಲ್ಲ, ಹಾಗೆ.

“ಮಾಂಸಖಂಡ ಚೆನ್ನಾಗಿದೆ, ನರವೂ ಚೆನ್ನಾಗಿದೆ. ಅವಕ್ಕೆ ಅಪ್ಪಣೆ ಕೊಡೋ ಜಾಗದಲ್ಲಿ ತೊಂದರೆ” ಅಂದರು ಡಾಕ್ಟರ್. ಕಾಯಿಲೆಯ ಹೆಸರು ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ. ಚಿಕ್ಕದಾಗಿ ಪಿಎಸ್‌ಪಿ. ಟೊರಾಂಟೊದ ಸ್ಟೀಲ್, ರಿಚರ್ಡ್‌ಸನ್, ಓಲ್‌ಶೆವ್‌ಸ್ಕಿ ಅನ್ನೋ ಮೂವರು 1964ರಲ್ಲಿ ಇದನ್ನ ಬೇರೆಯೇ ಕಾಯಿಲೆ ಅಂತ ಗುರುತಿಸಿ ಬರೆದರು. ಅಲ್ಲಿಯವರೆಗೂ ಅದು ಪಾರ್ಕಿನ್ಸನ್ ಗುಂಪಿನಲ್ಲೇ ಕಳೆದುಹೋಗುತ್ತಿತ್ತು. ಈಗಲೂ ಎಷ್ಟೋ ಕಡೆ ಹೋಗುತ್ತೆ. ಟಾವ್ ಅನ್ನೋ ಪ್ರೋಟೀನು ಕೆಲವು ಜಾಗದ ನರಕೋಶಗಳಲ್ಲಿ ಗಂಟು ಕಟ್ಟಿಕೊಳ್ಳುತ್ತೆ, ಕೋಶಗಳು ಸಾಯುತ್ತಾ ಹೋಗುತ್ತವೆ. ವಾಸಿ ಮಾಡೋ ಔಷಧ ಇಲ್ಲ. ಸ್ಕ್ಯಾನ್‌ನಲ್ಲಿ ಪಕ್ಕದಿಂದ ನೋಡಿದರೆ ಸವೆದ ಮಿಡ್‌ಬ್ರೈನ್, ಅಂದರೆ ನಡುಮಿದುಳು, ಹಮ್ಮಿಂಗ್‌ಬರ್ಡ್‌ನ ತಲೆ, ಕೊಕ್ಕಿನ ಥರ ಕಾಣುತ್ತೆ ಅಂತ ತೋರಿಸಿದರು. ಆ ಹಕ್ಕಿ ನಮ್ಮ ಕಡೆ ಇಲ್ಲ. ನಮ್ಮ ದಾಸವಾಳದ ಗಿಡಕ್ಕೆ ಬರೋ ಸೂರಕ್ಕಿಯನ್ನು ನೆನೆಸಿಕೊಂಡೆ. ಸರಿಯಾಗಿ ಹೊಂದುತ್ತೆ.

ಸಂಜೆಯ ಟ್ರೈನಿನಲ್ಲಿ ವಾಪಸ್ ಹೊರಟೆವು. ಎದುರು ಸೀಟಿನಲ್ಲಿ ಕಿಟಕಿ ಪಕ್ಕ ಒಂದು ಹುಡುಗಿ, ಐದಾರು ವರ್ಷ ಇರಬಹುದು, ಹೊರಗೆ ನೋಡುತ್ತಾ ಕಡಲೆಕಾಯಿ ತಿನ್ನುತ್ತಿದ್ದಳು. ಶ್ರೀರಂಗಪಟ್ಟಣ ದಾಟಿದ ಮೇಲೆ ಸುಮ್ನೆ ಅವಳ ಕಣ್ಣನ್ನೇ ನೋಡಿದೆ. ಕಣ್ಣು ಕಂಬದ ಜೊತೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತೆ, ತಟಕ್ ಅಂತ ಮುಂದಕ್ಕೆ ಹಾರುತ್ತೆ. ಮತ್ತೆ ಸರಿಯುತ್ತೆ, ಮತ್ತೆ ಹಾರುತ್ತೆ. ಆ ಮಗುವಿಗೆ ಅದು ಗೊತ್ತೇ ಇಲ್ಲ. ಡಾಕ್ಟರ್ ಟೇಪಿನಲ್ಲಿ ಹುಡುಕಿದ್ದು ಇದೇ ತಟಕ್ ಅನ್ನೋದನ್ನ. ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿದ್ದೇನೆ, ಎದುರು ಕೂತವರ ಕಣ್ಣಲ್ಲಿ ಇದು ನಡೀತಾ ಇರುತ್ತೆ ಅಂತ ಒಂದು ದಿನವೂ ಕಂಡಿರಲಿಲ್ಲ. ಪಕ್ಕದಲ್ಲಿ ಅಪ್ಪ ನೆಟ್ಟಗೆ ಎದುರಿನ ಹಲಗೆ ನೋಡುತ್ತಾ ಕೂತಿದ್ದ.

ಈ ಹಾರುವಿಕೆಗೆ ಸಕಾಡ್ ಅಂತ ಹೆಸರು. ಫ್ರೆಂಚ್ ಪದ, ಜಗ್ಗು ಅಂತ ಅರ್ಥ. 1870ರ ದಶಕದಲ್ಲಿ ಪ್ಯಾರಿಸ್‌ನ ಕಣ್ಣಿನ ವೈದ್ಯ ಎಮಿಲ್ ಜವಾಲ್ ಅವರ ಪ್ರಯೋಗಶಾಲೆಯಲ್ಲಿ, ಓದುವಾಗ ಕಣ್ಣು ಸಾಲಿನ ಮೇಲೆ ಜಾರಲ್ಲ, ಜಿಗಿಯುತ್ತೆ ಅಂತ ಕಂಡುಕೊಂಡರು. (ಜವಾಲ್ ಆಮೇಲೆ ಗ್ಲಾಕೋಮಾದಿಂದ ಪೂರ್ತಿ ಕುರುಡಾದರು.) ನಾವು ಸೆಕೆಂಡಿಗೆ ಸುಮಾರು ಮೂರು ಸಲ ಹೀಗೆ ಕಣ್ಣು ಜಿಗಿಸುತ್ತೀವಿ. ಎಚ್ಚರ ಇರೋ ಹೊತ್ತನ್ನು ಲೆಕ್ಕ ಹಾಕಿದರೆ ದಿನಕ್ಕೆ ಒಂದು ಲಕ್ಷಕ್ಕೂ ಜಾಸ್ತಿ. ಒಂದು ಸಲಕ್ಕೂ ನಮಗೆ ತಿಳಿಯಲ್ಲ. ಬೇಕಾದರೆ ಕನ್ನಡಿ ಮುಂದೆ ನಿಂತು ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ನೋಟ ಬದಲಿಸಿ ನೋಡಿ. ನಿಮ್ಮ ಕಣ್ಣು ಚಲಿಸಿದ್ದು ನಿಮಗೆ ಕಾಣಲ್ಲ. ಪಕ್ಕದವರಿಗೆ ಕಾಣುತ್ತೆ. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನಿಮಗೂ ಕಾಣಬಹುದು, ಯಾಕಂದರೆ ಅದು ಚಿತ್ರವನ್ನು ಸ್ವಲ್ಪ ತಡವಾಗಿ ತೋರಿಸುತ್ತೆ. ನಮ್ಮ ಮನೆಯಲ್ಲಿ ಒಂದು ಭಾನುವಾರ ಎಲ್ಲರೂ ಇದೇ ಕೆಲಸ ಮಾಡಿದೆವು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್, ಅಂದರೆ ಯಂತ್ರಗಳನ್ನು ಹತೋಟಿಯಲ್ಲಿಡೋ ಲೆಕ್ಕ, ಪಾಠ ಮಾಡುತ್ತೀನಿ. ಆ ರಾತ್ರಿ ನಿದ್ದೆ ಬರದೆ ಕಾಯಿಲೆ ಬಗ್ಗೆ ಓದುತ್ತಾ ಹೋದವನಿಗೆ ಇದ್ದಕ್ಕಿದ್ದ ಹಾಗೆ ನನ್ನದೇ ಸಿಲಬಸ್ ಸಿಕ್ಕಿತು. ಡೇವಿಡ್ ರಾಬಿನ್ಸನ್ ಅನ್ನೋ ಎಲೆಕ್ಟ್ರಿಕಲ್ ಇಂಜಿನಿಯರ್. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿದ್ದವರು, 2016ರಲ್ಲಿ ತೀರಿಕೊಂಡರು. 1963ರಲ್ಲಿ ಅವರು ಕಣ್ಣಿನ ಮೇಲೆ ಸಣ್ಣ ತಂತಿಸುರುಳಿ ಕೂರಿಸಿ, ತಲೆಯ ಸುತ್ತ ಕಾಂತಕ್ಷೇತ್ರ ಇಟ್ಟು, ಸುರುಳಿಯಲ್ಲಿ ಹುಟ್ಟುವ ವೋಲ್ಟೇಜಿನಿಂದ ಕಣ್ಣಿನ ಚಲನೆಯನ್ನು ಬಹಳ ಸೂಕ್ಷ್ಮವಾಗಿ ಅಳೆಯೋ ವಿಧಾನ ಮಾಡಿದರು. ಮರುವರ್ಷ ಕಣ್ಣಿನ ಚಲನೆಯನ್ನು ಒಂದು ಯಂತ್ರದ ಥರ ಬಿಡಿಸಿ ಬರೆದರು.

ಅವರು ಕಂಡುಕೊಂಡದ್ದನ್ನ ಕ್ಲಾಸಿನಲ್ಲಿ ನಾನು ಗಾಡಿಯ ಲೆಕ್ಕದಲ್ಲಿ ಹೇಳುತ್ತೀನಿ. ಕಣ್ಣುಗುಡ್ಡೆಗೆ ತೂಕ ಒಂದು ಸಮಸ್ಯೆಯೇ ಅಲ್ಲ. ಅದರ ಸುತ್ತಲಿನ ಮಾಂಸ, ಕೊಬ್ಬು, ಅಂಗಾಂಶಗಳ ಅಂಟು ದೊಡ್ಡದು. ಕೆಸರಲ್ಲಿ ಹೂತ ಗಾಡಿ ಅಂದುಕೊಳ್ಳಿ. ಎಬ್ಬಿಸಬೇಕಾದರೆ ಎತ್ತುಗಳೂ ನಾವೂ ಸೇರಿ ಒಂದೇ ಏಟಿಗೆ ಜೋರಾಗಿ ಜಗ್ಗಬೇಕು. ಏರಿಯ ಮೇಲೆ ಬಂತಾ, ಈಗ ಹಿಂದಕ್ಕೆ ಜಾರದ ಹಾಗೆ ಚಕ್ರಕ್ಕೆ ಕಲ್ಲು ಕೊಡಬೇಕು. ಕಣ್ಣಿಗೂ ಮಿದುಳು ಎರಡು ಕೊಡುತ್ತೆ. ಮೊದಲು ಒಂದು ಜಗ್ಗು, ಆಮೇಲೆ ಒಂದು ಕಲ್ಲು. ಜಗ್ಗು ಕೊಡೋ ನರಕೋಶಗಳು ಸೆಕೆಂಡಿಗೆ ಸಾವಿರದ ಹತ್ತಿರ ಬಾರಿ ಮಿಡಿಯುತ್ತವೆ, ಕಣ್ಣು ಜಿಗಿಯೋ ಹೊತ್ತಷ್ಟೇ. ಅಡ್ಡ ಚಲನೆಗೆ ಇವು ಮಿದುಳಿನ ಕಾಂಡದ ಪಾನ್ಸ್ ಅನ್ನೋ ಭಾಗದಲ್ಲಿವೆ. ಮೇಲೆ ಕೆಳಗಿನ ಚಲನೆಗೆ ಸ್ವಲ್ಪ ಮೇಲೆ, ಮಿಡ್‌ಬ್ರೈನ್‌ನಲ್ಲಿ. ಕಣ್ಣಿನ ಮಟ್ಟಿಗೆ ಪಿಎಸ್‌ಪಿ ಮೊದಲು ಸವೆಸೋದು ಈ ಮಿಡ್‌ಬ್ರೈನನ್ನ. ಅಪ್ಪನ ಕಣ್ಣು ಎಡಬಲಕ್ಕೆ ಓಡಿ, ಕೆಳಕ್ಕೆ ಯಾಕೆ ತೆವಳಿತು ಅನ್ನೋದಕ್ಕೆ ಉತ್ತರ ಇಷ್ಟು ಸರಳ. ಎರಡು ಬೇರೆ ಬೇರೆ ವಿಳಾಸ.

ಇನ್ನು ಆ ಕಲ್ಲು ಎಲ್ಲಿಂದ ಬರುತ್ತೆ? ಜಗ್ಗಿದ ಒಟ್ಟು ಮೊತ್ತವನ್ನು ಕೂಡಿಹಾಕಿ ನೆನಪಿಡೋ ಒಂದು ಜಾಲ ಮಿದುಳಲ್ಲಿ ಇರಲೇಬೇಕು ಅಂತ ರಾಬಿನ್ಸನ್ ಲೆಕ್ಕದಿಂದ ವಾದಿಸಿದರು. ನಮ್ಮ ಭಾಷೆಯಲ್ಲಿ ಇಂಟಿಗ್ರೇಟರ್. ಇದನ್ನ ಒಂದು ಸಂಜೆ ಅಪ್ಪನಿಗೆ ಹೇಳಿದೆ. ಅವನ ಮಾತು ಆಗಲೇ ನಿಧಾನವಾಗಿತ್ತು, ದನಿ ಒರಟಾಗಿತ್ತು. ತಲೆ ಮಾತ್ರ ಚುರುಕಾಗೇ ಇತ್ತು.

“ನೋಡಪ್ಪ, ತೂಬು ಎತ್ತಿದ್ರೆ ನೀರು ಹರೀತದೆ. ತೂಬು ಮುಚ್ಚಿದ್ರೂ ಗದ್ದೇಲಿ ನೀರು ನಿಂತಿರ್ತದಲ್ಲ, ಆ ಮಟ್ಟಾನೇ ಕಣ್ಣನ್ನ ಹಿಡ್ಕಂಡಿರೋದು.”

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಬದೀಲಿ ಏಡಿ ತೂತು ಬಿದ್ರೆ?” ಅಂದ.

ನನಗೆ ಕುರ್ಚಿಯಿಂದ ಏಳುವಂತಾಯಿತು. ಏಡಿ ಬದು ಕೊರೆದು ಬಿಲ ಮಾಡಿದರೆ ಬೆಳಗಾಗೋದ್ರೊಳಗೆ ಗದ್ದೆಯ ನೀರು ಪಕ್ಕದವನ ಪಾಲು. ಸೋರುವ ಇಂಟಿಗ್ರೇಟರ್ ಅನ್ನೋದು ಸರಿಯಾಗಿ ಇದೇ. ಅಂಥವರು ಪಕ್ಕಕ್ಕೆ ನೋಡಿದರೆ ಕಣ್ಣು ಅಲ್ಲಿ ನಿಲ್ಲಲ್ಲ. ಮೆಲ್ಲಗೆ ನಡುವಿಗೆ ಜಾರುತ್ತೆ, ಮತ್ತೆ ಹಾರುತ್ತೆ, ಮತ್ತೆ ಜಾರುತ್ತೆ. ಚೆನ್ನಾಗಿರೋ ಇಂಟಿಗ್ರೇಟರ್ ಕತ್ತಲಲ್ಲೂ 20 ಸೆಕೆಂಡಿಗೂ ಮೇಲೆ ನೀರು ಹಿಡಿಯುತ್ತೆ. ಅದು ಇಲ್ಲದಿದ್ದರೆ ಕಣ್ಣು ಸೆಕೆಂಡಿನ ಐದನೇ ಒಂದು ಭಾಗದಷ್ಟರಲ್ಲೇ ಅರ್ಧಕ್ಕಿಂತ ಹೆಚ್ಚು ದಾರಿ ಜಾರಿಬಿಡುತ್ತೆ. ಸೆರೆಬೆಲ್ಲಮ್ (ಕಿರುಮಿದುಳು) ಕೆಟ್ಟವರಲ್ಲಿ, ಕೆಲವು ಫಿಟ್ಸ್ ಮಾತ್ರೆ ಜಾಸ್ತಿಯಾದವರಲ್ಲಿ, ಕುಡಿದವರಲ್ಲಿ ಹೀಗಾಗುತ್ತೆ.

“ನಂದೂ ಏಡಿ ತೂತೇನ್ಲಾ?”

“ಅಲ್ಲ ಕಣಪ್ಪ. ನಿನ್ ಬದು ಗಟ್ಟಿಯಾಗೈತೆ. ತೂಬೇ ಏಳ್ತಿಲ್ಲ.”

“ತುಕ್ಕು ಹಿಡ್ದೈತೆ ಅನ್ನು.”

“ಹೂಂ.”

“ಗ್ರೀಸ್ ಹಾಕಕಾಯ್ತದಾ?”

“ಇಲ್ಲಪ್ಪ.”

ಡಾಕ್ಟರ್ ತಲೆ ವಾಲಿಸಿದಾಗ ಕಣ್ಣು ಇಳಿದದ್ದು ಹೇಗೆ ಅಂತಲೂ ಅವನೇ ಬಿಡಿಸಿದ. ಅದು ಬೇರೆ ನಾಲೆಯ ನೀರು ಅಂದ. ಸರಿಯೇ. ಕಿವಿಯೊಳಗಿನ ಸಮತೋಲದ ಅಂಗದಿಂದ ಬರೋ ದಾರಿ ಬೇರೆ, ಅದು ಈ ಜಗ್ಗು ಕೋಶಗಳನ್ನು ಹಾದು ಬರಬೇಕಿಲ್ಲ. ಎರಡೂ ಕೊನೆಗೆ ಸೇರೋದು ಅದೇ ಗದ್ದೆಗೆ. ನಾನು ಆರು ಸ್ಲೈಡ್ ಮಾಡಿ ಹೇಳೋದನ್ನ ಅವನು ನಾಲ್ಕು ಪದದಲ್ಲಿ ಹೇಳಿ ಕಣ್ಣು ಮುಚ್ಚಿದ.

ಕಾಯಿಲೆಗೆ ಮಾಡೆಲ್ ಯಾಕೆ ಬೇಕು ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. (ಪ್ಲೇಸ್‌ಮೆಂಟ್‌ಗೆ ಉಪಯೋಗ ಆಗುತ್ತಾ ಸಾರ್ ಅಂತಲೂ ಕೇಳುತ್ತಾರೆ. ಆಗಲ್ಲ.) ನಾನು ಅವರಿಗೆ ಹೇಳೋದು ಒಂದೇ ಕಥೆ. ಸಕಾಡ್ ಅನ್ನೋದು ಎಸೆದ ಕಲ್ಲಿನ ಹಾಗೆ, ಒಮ್ಮೆ ಹೊರಟರೆ ದಾರಿಯಲ್ಲಿ ತಿದ್ದೋಕೆ ಆಗಲ್ಲ ಅಂತ ಬಹಳ ಕಾಲ ನಂಬಿಕೆ ಇತ್ತು. ರಾಬಿನ್ಸನ್ ಬೇರೆ ಮಾಡೆಲ್ ಮುಂದಿಟ್ಟರು. ಕಣ್ಣು ಇನ್ನೆಷ್ಟು ದೂರ ಹೋಗಬೇಕು ಅಂತ ಮಿದುಳು ಕ್ಷಣಕ್ಷಣಕ್ಕೂ ಲೆಕ್ಕ ಇಡುತ್ತೆ, ಉಳಿದ ದೂರ ಸೊನ್ನೆ ಆಗೋವರೆಗೂ ಜಗ್ಗುತ್ತಲೇ ಇರುತ್ತೆ ಅಂತ. ಯಾವುದು ಸರಿ ಅಂತ ಆರೋಗ್ಯವಂತರಲ್ಲಿ ಪರೀಕ್ಷೆ ಮಾಡೋದು ಕಷ್ಟ. ಹತ್ತು ಡಿಗ್ರಿಯ ಜಿಗಿತ 50 ಮಿಲಿಸೆಕೆಂಡ್‌ಗಿಂತ ಮೊದಲೇ ಮುಗಿದುಹೋಗುತ್ತೆ, ದಾರಿಯಲ್ಲಿ ತಿದ್ದೋಕೆ ಹೊತ್ತೆಲ್ಲಿ?

ಇಲ್ಲಿ ನೆರವಿಗೆ ಬಂದದ್ದು ಕಾಯಿಲೆ. 1971ರಲ್ಲಿ ಮುಂಬಯಿಯ ನರತಜ್ಞ ನೋಶಿರ್ ವಾಡಿಯಾ, ಸ್ವಾಮಿ ಅನ್ನೋ ಸಹೋದ್ಯೋಗಿ ಜೊತೆ, ಒಂಬತ್ತು ಕುಟುಂಬಗಳಲ್ಲಿ ಕಂಡ ಒಂದು ವಂಶಪಾರಂಪರ್ಯ ಕಾಯಿಲೆಯನ್ನು ವಿವರಿಸಿದ್ದರು. ನಡಿಗೆ ತೂರಾಡುತ್ತೆ, ಜೊತೆಗೆ ಕಣ್ಣು ಜಿಗಿಯೋದೇ ಇಲ್ಲ, ತೇಲುತ್ತೆ. ಈಗ ಅದನ್ನ ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯಾ-2, ಚಿಕ್ಕದಾಗಿ ಎಸ್‌ಸಿಎ-2, ಅಂತ ಕರೆಯೋ ಕಾಯಿಲೆಯ ಜೊತೆ ಸೇರಿಸುತ್ತಾರೆ. ಅದರ ಜೀನ್ 1996ರಲ್ಲಿ ಸಿಕ್ಕಿತು. ಇಂಥ ನಿಧಾನಗಣ್ಣಿನ ರೋಗಿಗಳನ್ನು ಇಟ್ಟುಕೊಂಡು 1976ರಲ್ಲಿ ಡೇವಿಡ್ ಝೀ, ರಾಬಿನ್ಸನ್ ಮತ್ತು ಜೊತೆಗಾರರು ಒಂದು ಪರೀಕ್ಷೆ ಮಾಡಿದರು. ಬೆಳಕಿನ ಚುಕ್ಕಿ ಪಕ್ಕಕ್ಕೆ ಹಾರುತ್ತೆ, ರೋಗಿಯ ಕಣ್ಣು ಹೊರಡುತ್ತೆ. ಕಣ್ಣು ತಲುಪೋದಕ್ಕೆ ಮೊದಲೇ ಚುಕ್ಕಿ ವಾಪಸ್. ಎಸೆದ ಕಲ್ಲಾಗಿದ್ದರೆ ಕಣ್ಣು ಮೊದಲಿನ ಗುರಿಗೇ ಹೋಗಿ ಬೀಳಬೇಕಿತ್ತು. ಅದು ನಡುದಾರಿಯಲ್ಲೇ ತಿರುಗಿತು. ಆರೋಗ್ಯವಂತರಲ್ಲಿ ಕಣ್ಣು ಮಿಟುಕಿಸೋದ್ರೊಳಗೆ ಮುಗಿದುಹೋಗೋ ಸಿನಿಮಾವನ್ನು ಕಾಯಿಲೆ ನಿಧಾನ ಮಾಡಿ ತೋರಿಸಿತ್ತು.

ಓದಿ ಸುಮ್ಮನಿರಲಾಗದೆ ನಾನೂ ಬರೆದೆ. ಪೈಥಾನ್‌ನಲ್ಲಿ ಮೂವತ್ತು ಸಾಲಿನ ಪ್ರೋಗ್ರಾಂ. ಉಳಿದ ದೂರ ಎಷ್ಟು, ಅದಕ್ಕೆ ತಕ್ಕ ಜಗ್ಗು ಎಷ್ಟು, ಜಗ್ಗು ಎಲ್ಲಿಗೆ ಹೋಗಿ ಕಟ್ಟಿಕೊಂಡು ನಿಲ್ಲುತ್ತೆ, ಅಷ್ಟೇ. ಜಗ್ಗಿನ ಗರಿಷ್ಠ ಬಲ 600 ಇಟ್ಟಾಗ ಹತ್ತು ಡಿಗ್ರಿಯ ಜಿಗಿತ 35 ಮಿಲಿಸೆಕೆಂಡ್‌ನಲ್ಲಿ ಮುಗಿಯಿತು. ಒಂದು ಸೊನ್ನೆ ಅಳಿಸಿ 60 ಮಾಡಿದೆ. ಗೆರೆ ಮಲಗಿಬಿಟ್ಟಿತು. 340 ಮಿಲಿಸೆಕೆಂಡ್. ಆದರೆ ಗುರಿ ತಪ್ಪಲಿಲ್ಲ. ತೆವಳಿಕೊಂಡು ಹೋಗಿ ಅಲ್ಲಿಗೇ ಮುಟ್ಟಿತು. ಸ್ಕ್ರೀನಿನ ಮೇಲೆ ಆ ಗೆರೆ ನೋಡುತ್ತಾ ಕೂತಾಗ ನನಗೆ ಒಂದು ಥರ ಆಯಿತು. ಇದರಲ್ಲಿ ಅಸಡ್ಡೆ ಅನ್ನೋ ಸಾಲು ಎಲ್ಲೂ ಇರಲಿಲ್ಲ. ಹಟಮಾರಿತನಕ್ಕೆ ನಾನು ಯಾವ ಸಂಖ್ಯೆಯನ್ನೂ ಕೊಟ್ಟಿರಲಿಲ್ಲ. ಒಂದೇ ಒಂದು ಸೊನ್ನೆ ತೆಗೆದಿದ್ದೆ.

ಆಮೇಲೆ ಇನ್ನೊಂದು ಮಾಡಿದೆ. ಅಡ್ಡ ಚಲನೆಗೆ 600 ಹಾಗೇ ಬಿಟ್ಟು, ಕೆಳಗಿನ ಚಲನೆಗೆ ಮಾತ್ರ 60 ಕೊಟ್ಟೆ. ಈಗ ಗುರಿಯನ್ನು ಓರೆಯಾಗಿ, ಎಡಗಡೆ ಕೆಳಗೆ ಇಟ್ಟೆ. ಕಣ್ಣು ನೇರ ಓರೆಯಲ್ಲಿ ಹೋಗಲಿಲ್ಲ. ಮೊದಲು ಪೂರಾ ಎಡಕ್ಕೆ ಓಡಿತು, ಅಲ್ಲಿಂದ ನಿಧಾನವಾಗಿ ಕೆಳಗಿಳಿಯಿತು. ಬೇಲಿ ಹಾರೋಕೆ ಆಗದವನು ಬೇಲಿ ಬಳಸಿ ಹೋದ ಹಾಗೆ. ನನ್ನ ಪ್ರೋಗ್ರಾಂನಲ್ಲೇ ಏನೋ ತಪ್ಪಿದೆ ಅಂದುಕೊಂಡು ಮಲಗಿದೆ.

ಮಾರನೆಯ ದಿನ ಅಪ್ಪ ಟಿವಿ ನೋಡುತ್ತಿದ್ದ. ಅವ್ವ ಕಾಫಿ ಲೋಟ ತಂದು ಅವನ ಎಡಗಡೆ ಸ್ಟೂಲಿನ ಮೇಲೆ ಟಕ್ ಅಂತ ಇಟ್ಟಳು. ಆ ಸದ್ದಿಗೆ ಅಪ್ಪನ ಕಣ್ಣು ಎಡಕ್ಕೆ ಹೋಯಿತು. ನಿಂತಿತು. ಆಮೇಲೆ ಇಳಿಯತೊಡಗಿತು. ರಾತ್ರಿ ಸ್ಕ್ರೀನಿನಲ್ಲಿ ಕಂಡಿದ್ದ ಅದೇ ಡೊಂಕು ದಾರಿ. ಇಳಿಯೋದು ಮುಗಿಯೋಕೆ ಮೊದಲೇ ಕೈ ಲೋಟಕ್ಕೆ ಹೋಗಿತ್ತು, ಕಾಫಿ ನೆಲಕ್ಕೆ. ಅವ್ವ ಬಾಯಿ ತೆರೆದಳು. ನಾನು ಬೇಡ ಅಂತ ಕೈ ಸನ್ನೆ ಮಾಡಿದೆ. ಪಿಎಸ್‌ಪಿ ನೋಡೋ ವೈದ್ಯರು ಇದನ್ನ ಮನೆಗಳನ್ನು ಸುತ್ತಿಕೊಂಡು ಹೋಗೋದು ಅನ್ನೋ ಅರ್ಥದ ಹೆಸರಿನಿಂದ ಕರೆಯುತ್ತಾರೆ ಅಂತ ನನಗೆ ಆಮೇಲೆ ತಿಳಿಯಿತು. ಅದು ಗೊತ್ತಿಲ್ಲದಾಗಲೇ ಮೂವತ್ತು ಸಾಲು ಅದನ್ನ ತೋರಿಸಿತ್ತು.

ಮಾಡೆಲ್ ಅಂದರೆ ನನಗೆ ಇಷ್ಟ ಆಗೋದು ಇದಕ್ಕೇ. ಈಗ ಫೋನ್ ಕ್ಯಾಮೆರಾದಲ್ಲೇ ಕಣ್ಣಿನ ಚಲನೆ ಅಳೆದು, ಕಂಪ್ಯೂಟರಿಗೆ ಸಾವಿರಾರು ಉದಾಹರಣೆ ತಿನ್ನಿಸಿ, ಇದು ಇಂಥ ಕಾಯಿಲೆ ಅಂತ ಹೇಳಿಸೋ ಪ್ರಯತ್ನಗಳು ನಡೀತಿವೆ. ಒಳ್ಳೆಯದೇ. ನಮ್ಮ ಹಳ್ಳಿ ಕಡೆಯವರಿಗೆ ಬೇಗ ಗೊತ್ತಾದರೆ ಬೈಫೋಕಲ್ ದುಡ್ಡಾದರೂ ಉಳಿಯುತ್ತೆ. ಆದರೆ ಅಂಥ ಪೆಟ್ಟಿಗೆ ಹೆಸರು ಹೇಳಿ ಸುಮ್ಮನಾಗುತ್ತೆ. ಯಾವ ತೂಬು, ಯಾವ ಬದು ಅಂತ ಹೇಳಲ್ಲ. ಇನ್ನೊಂದು ಕಡೆ, ನನ್ನ ಮೂವತ್ತು ಸಾಲಿಗೂ ಮಿತಿ ಬೇಕಾದಷ್ಟಿದೆ. ಅಪ್ಪ ಹಿಂದಕ್ಕೆ ಯಾಕೆ ಬೀಳುತ್ತಾನೆ ಅನ್ನೋದು ಅದರಲ್ಲಿ ಇಲ್ಲ. ನುಂಗುವಾಗ ಯಾಕೆ ಕೆಮ್ಮು ಬರುತ್ತೆ ಅನ್ನೋದೂ ಇಲ್ಲ. ಅದಕ್ಕೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬಂದೆವು. ಮುಂದಿನ ವರ್ಷ ಅಪ್ಪ ಹೇಗಿರುತ್ತಾನೆ ಅಂತ ಅದನ್ನ ಕೇಳೋ ಧೈರ್ಯ ನನಗೂ ಇಲ್ಲ.

ಮನೆಯಲ್ಲಿ ಕೆಲವು ಬದಲಾದವು. ತಟ್ಟೆಯ ಕೆಳಗೆ ಮಣೆ, ಮಣೆಯ ಕೆಳಗೆ ಒಂದು ಹಳೇ ಸ್ಟೂಲು. ತಟ್ಟೆ ಈಗ ಎದೆಯ ಮಟ್ಟಕ್ಕೆ ಬರುತ್ತೆ. ಅಂಗಿ ಮೇಲಿನ ಕಲೆ ಪೂರ್ತಿ ನಿಲ್ಲಲಿಲ್ಲ, ಕಮ್ಮಿಯಾಯಿತು. ಬೈಫೋಕಲ್ ಪೆಟ್ಟಿಗೆ ಸೇರಿತು, ದೂರಕ್ಕೊಂದು, ಹತ್ತಿರಕ್ಕೊಂದು ಬೇರೆ ಕನ್ನಡಕ ಬಂತು. ಮೆಟ್ಟಿಲ ಪಕ್ಕ ಕಬ್ಬಿಣದ ಪೈಪು ಹಾಕಿಸಿದೆ. ಅವನ ಜೊತೆ ಮಾತಾಡಬೇಕಾದರೆ ನಾವೇ ಅವನ ಕಣ್ಣಿನ ಎದುರಿಗೆ ಹೋಗಿ ಕೂರುತ್ತೀವಿ. ಅವ್ವ ಈಗಲೂ ಅಭ್ಯಾಸಕ್ಕೆ ನೋಡ್ಕಂಡ್ ಅಂತ ಶುರುಮಾಡಿ ಅರ್ಧಕ್ಕೆ ನುಂಗುತ್ತಾಳೆ. “ನೋಡ್ಕಂ... ಹಿಡ್ಕೋ, ಹಿಡ್ಕೋ” ಅನ್ನುತ್ತಾಳೆ.

ಹೋದ ಮಳೆಗಾಲದಲ್ಲಿ ನಾಲೆಗೆ ನೀರು ಬಿಟ್ಟರು. ಅಪ್ಪ ನಾಲ್ಕು ದಿನದಿಂದ ಅದನ್ನೇ ಹೇಳುತ್ತಿದ್ದ. ಒಂದು ಸಂಜೆ ಪಕ್ಕದ ಮನೆಯವರ ಆಟೋದಲ್ಲಿ ಕೂರಿಸಿಕೊಂಡು ಹೋದೆ. ಸೇತುವೆಯ ಮೇಲೆ ಅವನನ್ನ ಎರಡೂ ತೋಳು ಹಿಡಿದು ನಿಲ್ಲಿಸಿದೆ. ಕೆಳಗೆ ಕೆಂಪು ನೀರು ಭೋರಂತ ಹೋಗುತ್ತಿದೆ. ಅಪ್ಪ ಎದುರಿನ ತೆಂಗಿನ ಮರ ನೋಡುತ್ತಿದ್ದಾನೆ. “ಬಂದೈತಾ?” ಅಂದ. ಸದ್ದು ಕೇಳುತ್ತಿದೆ, ನೀರು ಕಾಣುತ್ತಿಲ್ಲ. ತಲೆಯನ್ನು ಬಗ್ಗಿಸೋಕೆ ನೋಡಿದೆ, ಕತ್ತು ಬಿಗಿದುಕೊಂಡಿತು.

ಆಗ ಲೆಕ್ಕ ಹೊಳೆಯಿತು. ಸೇತುವೆಯ ಮೇಲೆ ಅವನ ಕಣ್ಣು ನೀರಿನಿಂದ ಮೂರು ಮೀಟರ್ ಎತ್ತರದಲ್ಲಿದೆ. ಮೂರು ಮೀಟರ್ ಮುಂದಿರೋ ನೀರು ನೋಡಬೇಕಾದರೆ ಕಣ್ಣು 45 ಡಿಗ್ರಿ ಇಳಿಯಬೇಕು. 50 ಮೀಟರ್ ದೂರದ ನೀರಿಗೆ ಮೂರೂವರೆ ಡಿಗ್ರಿ ಸಾಕು. ಅಷ್ಟು ಇವನ ಕಣ್ಣು ಇಳಿಯುತ್ತೆ. ಸೇತುವೆಯ ಇನ್ನೊಂದು ಮಗ್ಗುಲಿಗೆ ಅವನನ್ನ ಮೆಲ್ಲಗೆ ತಿರುಗಿಸಿದೆ. ಆ ಕಡೆ ಮರ ಇಲ್ಲ. ನಾಲೆ ದೂರದವರೆಗೂ ಗೆರೆ ಎಳೆದ ಹಾಗೆ ನೆಟ್ಟಗೆ ಬರುತ್ತೆ.

“ಅಲ್ಲಿ, ದೂರಕ್ಕೆ ನೋಡಪ್ಪ. ಆ ಕಲ್ಲುಕಟ್ಟೆ ಹತ್ರ.”

ಕಣ್ಣು ಹೊರಟಿತು. ನಾನು ಕಾದೆ. ಆಟೋದವನು ಹಾರ್ನ್ ಮಾಡಿದ, ಕೈ ಎತ್ತಿ ತಡಿ ಅಂದೆ. ಅಪ್ಪನ ಹುಬ್ಬು ಗಂಟಿಕ್ಕಿತು. ಮುಖದಲ್ಲಿ ಆ ಹಳೇ ಲೆಕ್ಕಾಚಾರ ಬಂತು, ಬದುವಿನ ಮೇಲೆ ನಿಂತು ಯಾರ ಪಾಳಿ ಮುಗಿಯಿತು ಅಂತ ನೋಡುವಾಗ ಇರುತ್ತಿದ್ದದ್ದು.

“ಒಂದಡಿ ಕಮ್ಮಿ ಬಿಟ್ಟವ್ರೆ” ಅಂದ.